ಜಪಾನೀಯರ ಮೌನವೂ ಅಮೆರಿಕನ್ನರ ಮಾತೂ: ವಾಣಿಜ್ಯ ಸಂಭಾಷಣೆಯ ಕೆಲವು ಪ್ರಸಂಗಗಳು

ಹೊರನಾಡಿನ ವರ್ತಕರೊಡನೆ ಮಾತುಕತೆ ನಡೆಸುವುದು ಮಂಗಳೂರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯು ಈ ಪಟ್ಟಣದಲ್ಲಿ ಬಹುಕಾಲ ನೆಲಸಿ, ಏಡನ್ ಬಂದರಿನ ತನ್ನ ಪಾಲುಗಾರರೊಡನೆ ಪತ್ರವ್ಯವಹಾರ ನಡೆಸುತ್ತಿದ್ದನೆಂಬುದು ಕೈರೋ ನಗರದ ಗೆನಿಜಾ ಪತ್ರಸಂಗ್ರಹದಿಂದ ತಿಳಿದುಬಂದಿದೆ. ಆ ಪತ್ರಗಳಲ್ಲಿ ಸರಕಿನ ಲೆಕ್ಕಕ್ಕೆ ಮೊದಲು ಬರುವ ಕ್ಷೇಮಸಮಾಚಾರಕ್ಕೂ ಉಪಚಾರದ ಮಾತುಗಳಿಗೂ ಮೀಸಲಾದ ಸ್ಥಳ ಕಡಮೆಯೇನಲ್ಲ. ವ್ಯಾಪಾರವೆಂದರೆ ಬೆಲೆ ಹೇಳುವುದು ಮಾತ್ರವಲ್ಲ, ಬೆಲೆ ಹೇಳುವ ಮುನ್ನ ಏನನ್ನು ಹೇಳಬೇಕು, ಏನನ್ನು ಹೇಳದೆ ಬಿಡಬೇಕು ಎಂಬ ಅರಿವೂ ಅದರಲ್ಲಿ ಸೇರಿದೆ ಎಂಬುದನ್ನು ಅಂದಿನ ವರ್ತಕರು ಬಲ್ಲವರಾಗಿದ್ದರು.

ಇಂದು ಈ ಪ್ರಶ್ನೆ ಬೇರೊಂದು ರೂಪದಲ್ಲಿ ನಮ್ಮ ಮನೆಬಾಗಿಲಿಗೆ ಬಂದಿದೆ. ನಾವು ವಾಸಿಸುವ ಬಿಜೈಯಲ್ಲಿ ಸರ್ಕಾರಿ ಬಸ್ ನಿಲ್ದಾಣವಿದೆ. ಭಾನುವಾರದ ರಾತ್ರಿ ಅಲ್ಲಿ ನಿಂತು ನೋಡಿದರೆ ಬೆನ್ನಿಗೆ ಚೀಲ ಹಾಕಿಕೊಂಡ ತರುಣ ತರುಣಿಯರು ಬೆಂಗಳೂರಿನ ಬಸ್ಸುಗಳನ್ನು ಏರುವ ದೃಶ್ಯ ಕಾಣುತ್ತದೆ. ಅವರಲ್ಲಿ ಹಲವರು ಅಮೆರಿಕದ ಸಂಸ್ಥೆಗಳಿಗಾಗಿ ದುಡಿಯುವವರು, ಕೆಲವರು ಜಪಾನಿನ ಸಂಸ್ಥೆಗಳಲ್ಲಿರುವವರು, ಎರಡೂ ಕಡೆಯವರೊಡನೆ ಒಂದೇ ದಿನ ಮಾತನಾಡಬೇಕಾದವರೂ ಇಲ್ಲದಿಲ್ಲ. ನಮ್ಮ ವಿಭಾಗದಲ್ಲಿ ಇತಿಹಾಸವನ್ನು ಓದಿ ಹೊರಬಿದ್ದವರೂ ಆ ಗುಂಪಿನಲ್ಲಿದ್ದಾರೆ. ಅವರು ರಜೆಯಲ್ಲಿ ಬಂದಾಗ ಹೇಳುವ ತೊಡಕುಗಳು ಯಂತ್ರದವೂ ಅಲ್ಲ, ಲೆಕ್ಕದವೂ ಅಲ್ಲ, ಬಹುಪಾಲು ಮಾತಿನವು. ಆ ತೊಡಕುಗಳ ಚಾರಿತ್ರಿಕ ಹಿನ್ನೆಲೆಯನ್ನು ಸ್ವಲ್ಪಮಟ್ಟಿಗೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಜಪಾನ್ ಮತ್ತು ಅಮೆರಿಕಗಳ ಪರಿಚಯವು ಆರಂಭದಲ್ಲಿಯೇ ಒಂದು ಅಪಾರ್ಥದಿಂದ ಕೂಡಿತ್ತೆಂಬುದು ಗಮನಾರ್ಹ. ೧೮೫೩ರಲ್ಲಿ ಕಮೊಡೋರ್ ಪೆರಿ ತನ್ನ ಯುದ್ಧನೌಕೆಗಳೊಡನೆ ಜಪಾನಿನ ಕರಾವಳಿಯನ್ನು ಮುಟ್ಟಿದನು. ಮರುವರ್ಷ ಕನಗಾವಾ ಒಪ್ಪಂದಕ್ಕೆ ಸಹಿ ಬಿತ್ತು. ಜಪಾನೀಯರಲ್ಲಿ ಇಂಗ್ಲಿಷ್ ಬಲ್ಲವರು ವಿರಳ, ಅಮೆರಿಕನ್ನರಲ್ಲಿ ಜಪಾನಿ ಬಲ್ಲವರು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಮಾತುಕತೆ ಡಚ್ ಮತ್ತು ಚೀನೀ ಭಾಷೆಗಳ ಮೂಲಕ ಸುತ್ತಿಬಳಸಿ ನಡೆಯಿತು. ಒಪ್ಪಂದದ ಹನ್ನೊಂದನೆಯ ಕಲಮು ಶಿಮೋದಾ ಬಂದರಿನಲ್ಲಿ ಅಮೆರಿಕದ ರಾಯಭಾರಿಯೊಬ್ಬನ ನೇಮಕವನ್ನು ಕುರಿತದ್ದು. ಎರಡು ಸರ್ಕಾರಗಳಲ್ಲಿ ಯಾವುದಾದರೊಂದಕ್ಕೆ ಅಗತ್ಯವೆಂದು ತೋರಿದರೆ ನೇಮಕ ಮಾಡಬಹುದೆಂದು ಇಂಗ್ಲಿಷ್ ಪಾಠ ಹೇಳುತ್ತಿತ್ತು. ಎರಡೂ ಸರ್ಕಾರಗಳಿಗೆ ಅಗತ್ಯವೆಂದು ತೋರಿದರೆ ಮಾತ್ರ ಎಂಬುದು ಜಪಾನಿ ಪಾಠದ ಅರ್ಥವಾಗಿತ್ತು. ೧೮೫೬ರಲ್ಲಿ ಟೌನ್ಸೆಂಡ್ ಹ್ಯಾರಿಸ್ ಎಂಬಾತನು ತನ್ನ ಡಚ್ ಮೂಲದ ದುಭಾಷಿ ಹ್ಯೂಸ್ಕೆನ್ ಎಂಬವನೊಡನೆ ಶಿಮೋದಾದಲ್ಲಿ ಬಂದಿಳಿದಾಗ ಅಲ್ಲಿಯ ಅಧಿಕಾರಿಗಳು ದಿಗ್ಭ್ರಾಂತರಾದರು. ಈತನನ್ನು ಕರೆದವರು ಯಾರು ಎಂಬುದು ಅವರ ಪ್ರಶ್ನೆ. ಒಪ್ಪಂದದಲ್ಲಿದೆಯಲ್ಲ ಎಂಬುದು ಇವನ ಉತ್ತರ. ಹ್ಯಾರಿಸನು ಮೂಲತಃ ನ್ಯೂಯಾರ್ಕಿನ ವರ್ತಕನೆಂಬುದನ್ನು ನೆನೆದರೆ, ಜಪಾನಿನೊಡನೆ ವ್ಯವಹರಿಸಿದ ಅಮೆರಿಕದ ಮೊದಲ ವಾಣಿಜ್ಯ ಮನುಷ್ಯರಲ್ಲಿ ಈತನೂ ಒಬ್ಬನೆನ್ನಬಹುದು. ಎರಡು ವರ್ಷ ತಾಳ್ಮೆಯಿಂದ ಕಾದು, ೧೮೫೮ರಲ್ಲಿ ಆತನು ವ್ಯಾಪಾರ ಒಪ್ಪಂದವನ್ನು ಪಡೆದನು.

ಈ ಪ್ರಸಂಗದಲ್ಲಿ ತಪ್ಪು ಅನುವಾದದ್ದು. ಅನುವಾದ ಸರಿಯಾಗಿದ್ದರೂ ಉಳಿಯುವ ಅಪಾರ್ಥಗಳು ಇದಕ್ಕಿಂತ ಸೂಕ್ಷ್ಮವಾದುವು. ಜಪಾನಿನ ವ್ಯವಹಾರಸ್ಥನು ಎದುರಿಗಿರುವವನ ಮಾತನ್ನು ಕೇಳುತ್ತಿರುವಾಗ ಮತ್ತೆ ಮತ್ತೆ ‘ಹೈ’ ಎನ್ನುತ್ತಾನೆ. ನಿಘಂಟಿನಲ್ಲಿ ಆ ಪದಕ್ಕೆ ‘ಹೌದು’ ಎಂದೇ ಅರ್ಥ. ಆದರೆ ಆ ಸಂದರ್ಭದಲ್ಲಿ ಅದು ಒಪ್ಪಿಗೆಯಲ್ಲ, ‘ಕೇಳುತ್ತಿದ್ದೇನೆ, ಮುಂದುವರಿಸಿ’ ಎಂಬ ಸೂಚನೆ. ಇಂಥ ಹೂಂಗುಟ್ಟುವಿಕೆಗೆ ಅವರಲ್ಲಿ ‘ಐಝುಚಿ’ ಎಂಬ ಹೆಸರೇ ಇದೆ. ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳು ಹೂಂ ಎನ್ನಲೇಬೇಕೆಂಬ ನಿಯಮವನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕತೆಗೆ ಹೂಂ ಎಂದ ಮಗು ರಾಕ್ಷಸನ ಕೃತ್ಯಕ್ಕೆ ಸಮ್ಮತಿಸಿತೆಂದು ಯಾರೂ ಭಾವಿಸರು. ಆದರೆ ಅಮೆರಿಕದ ವ್ಯಾಪಾರಿಯು ಇಪ್ಪತ್ತು ಸಲ ‘ಹೌದು’ ಕೇಳಿಸಿಕೊಂಡು, ವ್ಯವಹಾರ ಕುದುರಿತೆಂದು ಊರಿಗೆ ತಂತಿ ಕಳುಹಿಸಿದ ಸಂಗತಿಗಳು ಒಂದೆರಡಲ್ಲ.

ಹಾಗೆಯೇ ‘ಇಲ್ಲ’ ಎಂಬುದನ್ನು ಜಪಾನೀಯರು ನೇರವಾಗಿ ಹೇಳುವುದು ಅಪರೂಪ. ‘ಸ್ವಲ್ಪ ಕಷ್ಟವಿದೆ’ ಎಂದರೆ ಆಗದು ಎಂದರ್ಥ. ‘ಪರಿಶೀಲಿಸುತ್ತೇವೆ’ ಎಂದರೆ ಬಹುಮಟ್ಟಿಗೆ ಅದೇ ಅರ್ಥ. ಹಲ್ಲುಗಳ ನಡುವೆ ಉಸಿರೆಳೆದುಕೊಂಡು ತಲೆಯನ್ನು ಓರೆಮಾಡಿ ಸುಮ್ಮನಾದರೆ ಆಗದೆಂಬುದು ಇನ್ನೂ ಖಚಿತ. ಇದನ್ನು ಕಪಟವೆಂದು ಬಗೆದ ಅಮೆರಿಕನ್ನರಿದ್ದಾರೆ. ಆದರೆ ಈ ಪದ್ಧತಿಯ ಹಿಂದೆ, ಎದುರಿಗಿರುವವನ ಮುಖಭಂಗವಾಗಬಾರದು, ಇಂದು ಆಗದ ವ್ಯವಹಾರ ನಾಳೆ ಆಗಲು ದಾರಿಯಿರಬೇಕು ಎಂಬ ಲೆಕ್ಕಾಚಾರವಿದೆ. ಹೊರಗೆ ಆಡುವ ಮಾತಿಗೆ ‘ತಾತೆಮಾಎ’ ಎಂದೂ ಒಳಗಿರುವ ನಿಜಕ್ಕೆ ‘ಹೊನ್‌ನೆ’ ಎಂದೂ ಅವರು ಬೇರೆ ಬೇರೆ ಹೆಸರಿಟ್ಟಿದ್ದಾರೆ. (ನಮ್ಮ ಘಟ್ಟದ ಹೊನ್ನೆಮರಕ್ಕೂ ಈ ಶಬ್ದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಆ ಮರವೂ ಕಡಿದಾಗ ಮಾತ್ರ ತನ್ನ ಕೆಂಪು ರಸವನ್ನು ತೋರಿಸುತ್ತದೆ.)

ನಾವು ಕನ್ನಡಿಗರೂ ತುಳುವರೂ ಇದನ್ನು ಕೇಳಿ ಆಶ್ಚರ್ಯಪಡಬೇಕಾದುದಿಲ್ಲ. ಸಾಲ ಕೇಳಲು ಬಂದವನಿಗೆ ನಮ್ಮ ಹಿರಿಯರು ‘ನೋಡೋಣ’ ಎನ್ನುತ್ತಿದ್ದರು. ತುಳುವಿನಲ್ಲಿ ‘ತೂಕ’ ಎನ್ನುತ್ತಾರೆ. ಬಂದವನು ಆ ಮಾತಿನ ತೂಕವನ್ನರಿತು ಕಾಫಿ ಕುಡಿದು ಎದ್ದುಹೋಗುತ್ತಿದ್ದನು. ದನದ ಜಾತ್ರೆಗಳಲ್ಲಿ ಕೊಳ್ಳುವವನೂ ಮಾರುವವನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು, ಒಂದು ಮಾತೂ ಆಡದೆ, ಬೆಲೆ ಗೊತ್ತುಮಾಡುವ ಕ್ರಮವನ್ನು ಕಂಡವರು, ಮೌನವೂ ವ್ಯಾಪಾರದ ಭಾಷೆಯೆಂಬುದನ್ನು ಒಪ್ಪಿಯೇ ಒಪ್ಪುತ್ತಾರೆ.

ಈ ಭೇದಕ್ಕೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಪ್ರಮುಖರು. ಎರಡನೆಯ ಮಹಾಯುದ್ಧಾನಂತರ ತಮ್ಮ ದೇಶದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯಲ್ಲಿ ಬೋಧಕರಾಗಿದ್ದ ಅವರು, ಭಾಷೆಯನ್ನು ಚೆನ್ನಾಗಿ ಕಲಿತ ಅಧಿಕಾರಿಗಳೂ ಹೊರನಾಡಿನಲ್ಲಿ ಎಡವುವುದನ್ನು ಕಂಡರು. ೧೯೫೯ರಲ್ಲಿ ‘ದಿ ಸೈಲೆಂಟ್ ಲ್ಯಾಂಗ್ವೇಜ್’ ಎಂಬ ಗ್ರಂಥವನ್ನೂ ೧೯೭೬ರಲ್ಲಿ ‘ಬಿಯಾಂಡ್ ಕಲ್ಚರ್’ ಎಂಬ ಗ್ರಂಥವನ್ನೂ ಪ್ರಕಟಿಸಿದರು. ಕೆಲವು ಸಮಾಜಗಳಲ್ಲಿ ಅರ್ಥದ ಬಹುಭಾಗ ಮಾತಿನ ಹೊರಗೆ, ಎಂದರೆ ಸಂದರ್ಭದಲ್ಲಿ, ಸಂಬಂಧದಲ್ಲಿ, ಸ್ಥಾನಮಾನದಲ್ಲಿ ಅಡಗಿರುತ್ತದೆ; ಇನ್ನು ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಮಾತಿನಲ್ಲಿಯೇ ಇರಬೇಕಾಗುತ್ತದೆ ಎಂಬುದು ಅವರ ಪ್ರತಿಪಾದನೆ. ಮೊದಲನೆಯದನ್ನು ಸಂದರ್ಭಸಾಂದ್ರವೆಂದೂ ಎರಡನೆಯದನ್ನು ಸಂದರ್ಭವಿರಳವೆಂದೂ ಕನ್ನಡದಲ್ಲಿ ಕರೆಯಬಹುದು. ಜಪಾನ್ ಮೊದಲನೆಯ ಬಗೆಗೆ ಮಾದರಿ. ಅಮೆರಿಕ ಎರಡನೆಯ ಬಗೆಗೆ ಸೇರಿದುದು. ಅಮೆರಿಕ ನಾನಾ ದೇಶಗಳಿಂದ ಬಂದು ನೆಲಸಿದವರ ನಾಡು. ನೆರೆಯವನ ಅಜ್ಜ ಯಾರೆಂದು ಅಲ್ಲಿ ಯಾರಿಗೂ ತಿಳಿಯದು. ಆದ್ದರಿಂದ ಹೇಳಬೇಕಾದುದನ್ನು ಬಿಡಿಸಿ ಹೇಳಬೇಕು, ಹೇಳಿದ್ದನ್ನು ಬರೆಯಬೇಕು, ಬರೆದುದಕ್ಕೆ ವಕೀಲನ ಮುದ್ರೆ ಬೇಕು. ಜಪಾನಾದರೋ ತೊಕುಗಾವಾ ಅರಸೊತ್ತಿಗೆಯಲ್ಲಿ ಎರಡು ಶತಮಾನಗಳಿಗೂ ಮೀರಿ ಹೊರಗಿನ ಸಂಪರ್ಕವನ್ನು ಬಿಗಿಯಾಗಿ ಮಿತಿಗೊಳಿಸಿಕೊಂಡಿದ್ದ ದ್ವೀಪರಾಷ್ಟ್ರ. ಒಂದೇ ಬಯಲಿನ ನೀರನ್ನು ಹಂಚಿಕೊಂಡು ಭತ್ತ ಬೆಳೆಯುವ ಹಳ್ಳಿಯಲ್ಲಿ ಅರ್ಧ ಮಾತೇ ಸಾಕಾಗುತ್ತದೆ.

ಸಭೆಯ ಸ್ವರೂಪದಲ್ಲಿ ಈ ವ್ಯತ್ಯಾಸ ಎದ್ದುಕಾಣುತ್ತದೆ. ಅಮೆರಿಕನ್ನನು ಸಭೆಗೆ ಬರುವುದು ತೀರ್ಮಾನ ಮಾಡಲು. ಅಲ್ಲಿ ವಾದಿಸುತ್ತಾನೆ, ಎದುರಾಳಿಯ ಲೆಕ್ಕವನ್ನು ಅಲ್ಲಗಳೆಯುತ್ತಾನೆ, ಸಂಜೆಗೆ ಅವನೊಡನೆಯೇ ಊಟಕ್ಕೆ ಹೋಗುತ್ತಾನೆ. ಜಪಾನಿನವನು ಸಭೆಗೆ ಬರುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಸಭೆಗೆ ಮುನ್ನ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು ಮನವೊಲಿಸುವ ಕ್ರಮಕ್ಕೆ ಅವರು ‘ನೆಮವಾಶಿ’ ಎನ್ನುತ್ತಾರೆ. ತೋಟಗಾರಿಕೆಯಿಂದ ಬಂದ ಶಬ್ದವಿದು. ದೊಡ್ಡ ಮರವನ್ನು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಅದನ್ನು ಸಿದ್ಧಗೊಳಿಸುವ ಕೆಲಸಕ್ಕೆ ಆ ಹೆಸರು. ಆಮೇಲೆ ‘ರಿಂಗಿ’ ಎಂಬ ಪ್ರಸ್ತಾವಪತ್ರ ಮೇಜಿನಿಂದ ಮೇಜಿಗೆ ಸಾಗಿ ಎಲ್ಲರ ಮೊಹರನ್ನೂ ಪಡೆಯುತ್ತದೆ. ನಮ್ಮಲ್ಲಿ ಮದುವೆಯ ನಿಶ್ಚಿತಾರ್ಥ ನಡೆಯುವ ಬಗೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಜಾತಕ, ಒಡವೆ, ಛತ್ರ, ಊಟದ ಎಲೆಗಳ ಲೆಕ್ಕ ಎಲ್ಲವೂ ಮಧ್ಯಸ್ಥರ ಮೂಲಕ ಮೊದಲೇ ಇತ್ಯರ್ಥವಾಗಿರುತ್ತವೆ. ನಿಶ್ಚಿತಾರ್ಥದ ಚಾಪೆಯ ಮೇಲೆ ಕುಳಿತು ಹೊಸದೊಂದು ಪ್ರಶ್ನೆ ಎತ್ತುವವನನ್ನು ಎರಡು ಕಡೆಯವರೂ ಮುಖ ಸಿಂಡರಿಸಿ ನೋಡುತ್ತಾರೆ. ಜಪಾನಿನ ಸಭಾಗೃಹದಲ್ಲಿ ಎದ್ದುನಿಂತು ಹೊಸ ಬೆಲೆ ಹೇಳುವ ಅಮೆರಿಕನ್ನನ ಸ್ಥಿತಿ ಅದೇ.

ಕರ್ನಾಟಕಕ್ಕೆ ಈ ಎರಡು ರಾಷ್ಟ್ರಗಳ ವೃತ್ತಿನಿರತರೂ ಹಳೆಯ ಪರಿಚಿತರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ಮಾದರಿಯ ರೇಷ್ಮೆ ತೋಟವನ್ನು ಸ್ಥಾಪಿಸಿ, ಜಪಾನಿನ ತಜ್ಞರನ್ನು ಕರೆಸಿಕೊಂಡರು. ಮೈಸೂರು ಸರ್ಕಾರ ನೆಲವನ್ನೂ ವಾರ್ಷಿಕ ಸಹಾಯಧನವನ್ನೂ ಕೊಟ್ಟಿತು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ೧೮೯೮ರಲ್ಲಿ ವಿಶ್ವೇಶ್ವರಯ್ಯನವರು ಜಪಾನನ್ನು ಕಂಡುಬಂದರು. ಮುಂದೆ ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದರ ಯೋಜನೆಯ ಹಿಂದೆ ನ್ಯೂಯಾರ್ಕಿನ ಎಂಜಿನಿಯರು ಪೆರಿನ್ ಅವರ ಸಲಹೆಯಿತ್ತು. ಹೀಗೆ ಹಳೆಯ ಮೈಸೂರು ಸಂಸ್ಥಾನವು ರೇಷ್ಮೆಗೆ ಪೂರ್ವದಿಕ್ಕನ್ನೂ ಕಬ್ಬಿಣಕ್ಕೆ ಪಶ್ಚಿಮದಿಕ್ಕನ್ನೂ ನೋಡಿತು. ೧೯೯೧ರಿಂದ ಮುಂದೆ ಜಪಾನ್ ಸರ್ಕಾರದ ನೆರವಿನಿಂದ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ರೇಷ್ಮೆಯ ಕೆಲಸ ಹಲವು ವರ್ಷ ನಡೆಯಿತು.

ಕುದುರೆಮುಖದ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯ ಅದಿರನ್ನು ೧೯೧೩ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಗುರುತಿಸಿದ್ದರು. ಅದರ ಬಳಕೆಯ ಸಾಧ್ಯತೆಯನ್ನು ಮುಂದೆ ಅಮೆರಿಕದ ಮಾರ್ಕೋನಾ ಸಂಸ್ಥೆಯೂ ಜಪಾನಿನ ವಾಣಿಜ್ಯ ಸಂಸ್ಥೆಗಳೂ ನಮ್ಮ ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮದೊಡನೆ ಸೇರಿ ಪರಿಶೀಲಿಸಿದವು. ಆ ಕೂಟದಿಂದ ಗಣಿ ಏಳಲಿಲ್ಲ. ೧೯೭೫ರಲ್ಲಿ ಇರಾನಿನೊಡನೆ ಒಪ್ಪಂದವಾಗಿ, ೧೯೭೬ರಲ್ಲಿ ಕಂಪನಿ ಹುಟ್ಟಿ, ೧೯೭೯ರ ಇರಾನ್ ಕ್ರಾಂತಿಯಿಂದ ಆ ಒಪ್ಪಂದವೂ ಮುರಿದುಬಿತ್ತು. ಘಟ್ಟದಿಂದ ಪಣಂಬೂರಿನವರೆಗೆ ಕೊಳವೆಯಲ್ಲಿ ಹರಿದುಬರುತ್ತಿದ್ದ ಅದಿರಿನ ಕೆಸರಿಗೆ ಹೊಸ ಗಿರಾಕಿಗಳನ್ನು ಹುಡುಕುವ ಕಷ್ಟದ ಕೆಲಸ ನಮ್ಮವರ ಪಾಲಿಗೆ ಬಂದಿತು. ಗಿರಾಕಿಗಳಲ್ಲಿ ಜಪಾನಿನ ಉಕ್ಕಿನ ಕಾರ್ಖಾನೆಗಳೂ ಇದ್ದುವು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ೨೦೦೫ರ ಅಂತ್ಯಕ್ಕೆ ಗಣಿ ನಿಂತಿತು. ಗುತ್ತಿಗೆಯ ಮೇಜಿನ ಮುಂದೆ ಕುಳಿತು ಜಪಾನೀಯರ ಮೌನವನ್ನು ಓದಲು ಕಲಿತ ಅಧಿಕಾರಿಗಳಲ್ಲಿ ಕೆಲವರು ನಿವೃತ್ತರಾಗಿ ಈ ನಗರದಲ್ಲಿಯೇ ನೆಲಸಿದ್ದಾರೆ.

ಈಗ ಬಸ್ ನಿಲ್ದಾಣದ ತರುಣರಿಗೆ ಹಿಂದಿರುಗೋಣ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿದ್ದಾನೆ. ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಅವನ ಗುಂಪಿಗೆ ಒಬ್ಬ ಜಪಾನಿನ ಗಿರಾಕಿ, ಒಬ್ಬ ಅಮೆರಿಕದ ಗಿರಾಕಿ. ಕಳೆದ ಮಳೆಗಾಲದಲ್ಲಿ ಊರಿಗೆ ಬಂದವನು ನಮ್ಮ ಜಗಲಿಯಲ್ಲಿ ಕುಳಿತು ಎರಡು ಸಂಗತಿಗಳನ್ನು ಹೇಳಿದನು. ಜಪಾನಿನವರ ಮುಂದೆ ಒಂದು ಯೋಜನೆಯನ್ನು ಇಟ್ಟಾಗ ಅವರು ಬಹಳ ಹೊತ್ತು ಕಾಗದ ನೋಡಿ, ಸ್ವಲ್ಪ ಕಷ್ಟವಿದೆ ಎಂದರಂತೆ. “ಕಷ್ಟ ಉಂಟಾದರೆ ಪರಿಹಾರವೂ ಉಂಟಲ್ಲ ಸರ್ ಎಂದು ನಾವು ಕೂತೆವು. ಮೂರು ವಾರ ರಾತ್ರಿ ಹಗಲು ಕೂತು ಆ ಕಷ್ಟವನ್ನೇ ಬಿಡಿಸಿದೆವು. ತೆಗೆದುಕೊಂಡು ಹೋದರೆ ಅವರಿಗೇ ನಾಚಿಕೆಯಾಯಿತು. ಅವರು ಮೊದಲ ದಿನವೇ ಬೇಡ ಎಂದಿದ್ದರು, ನಮಗೆ ಕೇಳಿಸಲಿಲ್ಲ,” ಎಂದನು.

ಎರಡನೆಯದು ಅದೇ ತಿಂಗಳಲ್ಲಿ ನಡೆದದ್ದು. ಅಮೆರಿಕದ ಗಿರಾಕಿಯು ದೂರವಾಣಿಯಲ್ಲಿ, ಶುಕ್ರವಾರದೊಳಗೆ ಕೆಲಸ ಮುಗಿಯುವುದೇ ಎಂದು ಕೇಳಿದನು. ಮುಗಿಯುವಂತಿರಲಿಲ್ಲ. ಇಲ್ಲವೆನ್ನಲು ಬಾಯಿ ಬರಲಿಲ್ಲ. “ಪ್ರಯತ್ನ ಮಾಡುತ್ತೇವೆ ಎಂದೆ ಸರ್. ನಮ್ಮ ಮನೆಯಲ್ಲಿ ಹಾಗೆಂದರೆ ಆಗುವುದಿಲ್ಲ ಎಂದೇ ಅರ್ಥವಲ್ಲವಾ?” ಅಮೆರಿಕನ್ನನು ಅದನ್ನು ಬರೆದುಕೊಂಡನು, ತನ್ನ ಮೇಲಿನವನಿಗೆ ವಚನ ಕೊಟ್ಟನು. ಶುಕ್ರವಾರ ಕಳೆದ ಮೇಲೆ ಬಂದ ಪತ್ರದಲ್ಲಿ ‘ವಿಶ್ವಾಸಾರ್ಹತೆ’ ಎಂಬ ಪದ ಮೂರು ಸಲ ಬಂದಿತ್ತು. ಆ ವರ್ಷ ಅವನಿಗೆ ಬರಬೇಕಾದ ಬಡ್ತಿ ನಿಂತುಹೋಯಿತು. ಮನೆಯ ಸಾಲ, ತಂಗಿಯ ಓದು ಅವನ ಹೆಗಲ ಮೇಲಿವೆ. ಆದ್ದರಿಂದ ನಾವು ಈ ಪ್ರಸಂಗವನ್ನು ವಿನೋದಕ್ಕಾಗಿ ಇಲ್ಲಿ ಬರೆಯಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಬ್ಬನೇ ಮನುಷ್ಯ ಒಂದೇ ತಿಂಗಳಲ್ಲಿ ಒಂದು ಕಡೆ ಅಮೆರಿಕನ್ನನ ತಪ್ಪನ್ನೂ ಇನ್ನೊಂದು ಕಡೆ ಜಪಾನೀಯನ ತಪ್ಪನ್ನೂ ಮಾಡಿದನು. ಜಪಾನೀಯರ ಸೂಚ್ಯ ನಿರಾಕರಣೆಯನ್ನು ಅಕ್ಷರಶಃ ತೆಗೆದುಕೊಂಡನು. ತನ್ನದೇ ಸೂಚ್ಯ ನಿರಾಕರಣೆಯನ್ನು ಅಮೆರಿಕನ್ನನು ಗ್ರಹಿಸುವನೆಂದು ನಂಬಿದನು. ಹಾಲ್ ಅವರ ಅಳತೆಗೋಲಿನ ಮೇಲೆ ಭಾರತೀಯರನ್ನು ಜಪಾನಿನ ಪಕ್ಕದಲ್ಲಿ ಕೂರಿಸಿಬಿಡುವುದು ಸುಲಭವಾದರೂ ಸರಿಯಲ್ಲವೆಂದು ನಮಗೆ ತೋರುತ್ತದೆ. ಸಂದರ್ಭವನ್ನು ಓದುವ ಶಕ್ತಿ ಆ ಸಂದರ್ಭದಲ್ಲಿ ಬೆಳೆದವನಿಗೆ ಮಾತ್ರ ಬರುವಂಥದು. ಅಜ್ಜನ ‘ನೋಡೋಣ’ವನ್ನು ಬಿಡಿಸಬಲ್ಲವನು ಟೋಕಿಯೋದ ‘ನೋಡೋಣ’ವನ್ನು ಬಿಡಿಸಲಾರನು. ಮೌನಪ್ರಿಯರಾದ ಪೌರಸ್ತ್ಯರು ಎಂಬ ಮಾತಂತೂ ನಮ್ಮ ಜಿಲ್ಲೆಯ ಮಟ್ಟಿಗೆ ಶುದ್ಧ ಅಸಂಬದ್ಧ. ರಾತ್ರಿಯಿಡೀ ಕುಳಿತು ಕೃಷ್ಣನಿಗೂ ಭೀಷ್ಮನಿಗೂ ನಡೆಯುವ ವಾಗ್ವಾದವನ್ನು ಆಸ್ವಾದಿಸುವ, ಎದುರು ಅರ್ಥಧಾರಿಯ ಮಾತನ್ನು ಕತ್ತರಿಸಿದವನಿಗೆ ಚಪ್ಪಾಳೆ ತಟ್ಟುವ ತಾಳಮದ್ದಳೆಯ ನಾಡು ಇದು. ವೇದಿಕೆಯ ಮೇಲೆ ನಾವು ಅಮೆರಿಕನ್ನರಿಗಿಂತ ಬಿಚ್ಚುಮಾತಿನವರು, ಯಜಮಾನರ ಮುಂದೆ ಜಪಾನೀಯರಿಗಿಂತ ಸಂಕೋಚದವರು.

ಇತ್ತ ಅಮೆರಿಕನ್ನರ ಮಾತಿನಲ್ಲಿಯೂ ಒಳಗುಟ್ಟುಗಳಿಲ್ಲದೆ ಇಲ್ಲ. ‘ಒಂದು ದಿನ ಜೊತೆಗೆ ಊಟ ಮಾಡೋಣ’ ಎಂಬುದು ಅವರಲ್ಲಿ ಆಹ್ವಾನವಲ್ಲ, ಬೀಳ್ಕೊಡುಗೆ. ಕೆಲಸಗಾರನ ತಪ್ಪನ್ನು ಹೇಳಬೇಕಾದಾಗ ಮೊದಲು ಎರಡು ಹೊಗಳಿಕೆಯ ಮಾತು ಆಡುವುದು ಅವರ ರೂಢಿ. ಹೊಗಳಿಕೆಯನ್ನಷ್ಟೇ ಕೇಳಿಸಿಕೊಂಡು ಮನೆಗೆ ಹೋದ ಭಾರತೀಯರು ಹಲವರು.

ಕಾರ್ಖಾನೆಯ ನೆಲದಲ್ಲಿ ಈ ಎರಡು ರೀತಿಗಳು ಮುಖಾಮುಖಿಯಾದ ಪ್ರಸಿದ್ಧ ನಿದರ್ಶನ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನದು. ಅಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು ೧೯೮೨ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನು ೧೯೮೪ರಲ್ಲಿ ಟೊಯೊಟಾ ಸಂಸ್ಥೆಯೊಡನೆ ಪಾಲುಗಾರಿಕೆಯಲ್ಲಿ ಮತ್ತೆ ತೆರೆಯಲಾಯಿತು. ಕೆಲಸಗಾರರು ಬಹುಮಟ್ಟಿಗೆ ಹಳಬರೇ; ಕಾರ್ಮಿಕ ಸಂಘವೂ ಹಳೆಯದೇ. ಹಿಂದೆ ಅವರಿಗಿದ್ದ ಮುಖ್ಯ ಕಟ್ಟಳೆ, ಏನಾದರೂ ಆಗಲಿ, ಸಾಲು ನಿಲ್ಲಬಾರದು ಎಂಬುದು. ಜಪಾನೀಯರು ಬಂದು ತಲೆಯ ಮೇಲೆ ಒಂದು ಹಗ್ಗ ಕಟ್ಟಿದರು. ದೋಷ ಕಂಡ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು, ಮೇಲಿನವನು ಓಡಿಬಂದು ನೆರವಾಗಬೇಕು, ಸರಿಹೋಗದಿದ್ದರೆ ಸಾಲು ನಿಲ್ಲಬೇಕು. ಈ ಹಗ್ಗವನ್ನು ನಾವು ಬರಿಯ ಯಂತ್ರಸಾಧನವೆಂದು ತಿಳಿಯಬಾರದು. ಕೆಟ್ಟ ಸುದ್ದಿಯನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವ ಸಮಾಜವೊಂದು, ಬಾಯಿಲ್ಲದೆಯೇ ಹೇಳಲು ಕಂಡುಕೊಂಡ ಉಪಾಯ ಅದು. ಮಾತಿಗೆ ಹೆದರದ ಅಮೆರಿಕನ್ನರ ಕಾರ್ಖಾನೆಯಲ್ಲಿ ಅಂಥ ಹಗ್ಗವಿರಲಿಲ್ಲ, ದೋಷಗಳು ಮಾತ್ರ ಸಾಲಿನ ಕೊನೆಯವರೆಗೂ ಸಾಗುತ್ತಿದ್ದುವು. ಆ ಪಾಲುಗಾರಿಕೆ ೨೦೧೦ರಲ್ಲಿ ಕೊನೆಗೊಂಡಿತು.

ಅದೇ ಟೊಯೊಟಾ ಸಂಸ್ಥೆಯು ಕಿರ್ಲೋಸ್ಕರ್ ಬಳಗದೊಡನೆ ಸೇರಿ ೧೯೯೭ರಲ್ಲಿ ಬಿಡದಿಯಲ್ಲಿ ಕಂಪನಿಯನ್ನು ಸ್ಥಾಪಿಸಿತು. ೧೯೯೯ರ ಕೊನೆಯಲ್ಲಿ ಕ್ವಾಲಿಸ್ ಗಾಡಿಗಳ ತಯಾರಿಕೆ ಆರಂಭವಾಯಿತು. ೨೦೦೭ರಲ್ಲಿ ಬಡ ಗ್ರಾಮೀಣ ಕುಟುಂಬಗಳ ಹುಡುಗರಿಗಾಗಿ ವಸತಿಸಹಿತ ತರಬೇತಿ ಶಾಲೆಯೂ ತೆರೆಯಿತು. ‘ಹೋ-ರೆನ್-ಸೋ’ ಎಂಬುದು ಜಪಾನಿನ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದವನು ಕಲಿಯುವ ಮೊದಲ ಪಾಠಗಳಲ್ಲೊಂದು. ವರದಿ ಮಾಡು, ತಿಳಿಸು, ಸಮಾಲೋಚಿಸು ಎಂಬ ಮೂರು ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿದ ಸೂತ್ರ ಇದು. ಕೇಳಲು ಬಸಳೆಯಂಥ ಒಂದು ಸೊಪ್ಪಿನ ಹೆಸರೂ ಹೌದು. ಕೆಲಸ ಅರ್ಧವಾದಾಗಲೇ ಹೇಳಬೇಕು, ಕೆಟ್ಟುದನ್ನು ಮೊದಲು ಹೇಳಬೇಕು ಎಂಬುದು ಅದರ ತಾತ್ಪರ್ಯ. ಕೆಲಸ ಪೂರ್ತಿಯಾಗುವವರೆಗೆ ಮೇಲಿನವರ ಬಳಿ ಹೋಗದಿರುವುದೇ ಮರ್ಯಾದೆ ಎಂದು ಬೆಳೆದ ನಮ್ಮ ಹುಡುಗರಿಗೆ ಇದು ಬಹಳ ಹೊಸತು.

ಆದರೆ ಬಿಡದಿಯ ಇತಿಹಾಸದಲ್ಲಿ ಸಂಭಾಷಣೆ ಮುರಿದುಬಿದ್ದ ಘಟ್ಟಗಳೂ ಇವೆ. ೨೦೦೬ರ ಜನವರಿಯಲ್ಲಿ ಕೆಲಸಗಾರರ ವಜಾ ಪ್ರಕರಣದಿಂದ ಮುಷ್ಕರವಾಗಿ ಬೀಗಮುದ್ರೆ ಬಿತ್ತು. ೨೦೧೪ರಲ್ಲಿ ಸಂಬಳದ ಮಾತುಕತೆ ತಿಂಗಳುಗಟ್ಟಲೆ ನಡೆದು ಫಲಿಸದೆ ಮಾರ್ಚ್ ೧೬ರಂದು ಮತ್ತೆ ಬೀಗಮುದ್ರೆ. ೨೦೨೦ರ ನವೆಂಬರಿನಲ್ಲಿ ಒಬ್ಬ ನೌಕರನ ಅಮಾನತ್ತಿನಿಂದ ಆರಂಭವಾದ ಮುಷ್ಕರ ಮರುವರ್ಷದ ಮೊದಲ ತಿಂಗಳುಗಳವರೆಗೂ ಎಳೆಯಿತು. ಕೆಲಸದ ಒತ್ತಡ ಹೆಚ್ಚಿತೆಂಬುದು ಆಗ ಸಂಘದ ದೂರಾಗಿತ್ತು. ಕೊನೆಯ ಎರಡು ಪ್ರಸಂಗಗಳಲ್ಲಿ ಬೀಗ ತೆರೆದ ಮೇಲೂ ಕೆಲಸಗಾರರು ಒಳಗೆ ಹೋಗಲು ಒಂದು ಕಾಗದ ಅಡ್ಡವಾಯಿತು. ಸದ್ವರ್ತನೆಯ ಭರವಸೆಪತ್ರಕ್ಕೆ ಸಹಿ ಹಾಕಿ ಬನ್ನಿ ಎಂದು ಆಡಳಿತದವರು ಹೇಳಿದರು, ಬಹುಮಂದಿ ಸಹಿ ಹಾಕಲು ಒಪ್ಪಲಿಲ್ಲ.

ಈ ಕಾಗದವನ್ನು ಕುರಿತು ನಾವು ಬಹಳ ಯೋಚಿಸಿದ್ದೇವೆ. ಜಪಾನಿನ ಕಚೇರಿಗಳಲ್ಲಿ ತಪ್ಪು ನಡೆದಾಗ ‘ಶಿಮಾತ್ಸುಶೋ’ ಎಂಬ ವಿವರಣೆ-ಕ್ಷಮಾಪಣೆಯ ಪತ್ರ ಬರೆದುಕೊಡುವ ವಾಡಿಕೆಯಿದೆ. ಬರೆದುಕೊಟ್ಟಮೇಲೆ ಸಂಬಂಧ ಮತ್ತೆ ಸರಿಹೋಯಿತೆಂದು ಭಾವನೆ. ಕನ್ನಡದಲ್ಲಿ ಭರವಸೆಪತ್ರಕ್ಕೆ ಜನ ಬಳಸುವ ಮಾತು ‘ಮುಚ್ಚಳಿಕೆ’. ಕಂಪನಿ ಸರ್ಕಾರದ ಕಾಲದ ಕಂದಾಯ ಕಾಗದಗಳಿಂದ ಹಿಡಿದು ಪೊಲೀಸ್ ಠಾಣೆಯವರೆಗೆ ಆ ಮಾತಿಗೆ ದೀರ್ಘ ಚರಿತ್ರೆಯಿದೆ. ಮುಚ್ಚಳಿಕೆ ಬರೆದುಕೊಟ್ಟವನು ಎಂದರೆ ನಮ್ಮ ಹಳ್ಳಿಗಳಲ್ಲಿ ಅಪರಾಧಿ ಎಂದೇ ಅರ್ಥ. ಅವನ ಮನೆಗೆ ಹೆಣ್ಣು ಕೊಡಲೂ ಜನ ಹಿಂದೆಮುಂದೆ ನೋಡುತ್ತಾರೆ. ಒಬ್ಬರಿಗೆ ಸಂಬಂಧವನ್ನು ಹೊಲಿಯುವ ಸೂಜಿಯಾಗಿ ಕಂಡದ್ದು ಇನ್ನೊಬ್ಬರಿಗೆ ಹಣೆಯ ಮೇಲಿನ ಬರೆಯಾಗಿ ಕಂಡಿರಬಹುದು. ಇದು ನಮ್ಮ ಊಹೆಯೇ ಹೊರತು ಸಿದ್ಧಾಂತವಲ್ಲ. ಇಂಥ ಪತ್ರಗಳನ್ನು ಭಾರತದ ಇತರ ಕಾರ್ಖಾನೆಗಳೂ ಕೇಳಿವೆ. ೨೦೧೧ರಲ್ಲಿ ಹರಿಯಾಣದ ಮಾನೇಸರಿನಲ್ಲಿ ಮಾರುತಿ ಸುಜುಕಿ ಸಂಸ್ಥೆಯ ಕಾರ್ಖಾನೆಯಲ್ಲಿಯೂ ಇದೇ ವಿವಾದವೆದ್ದಿತ್ತು.

ಸಂಸ್ಕೃತಿಯ ಹೆಸರಿನಲ್ಲಿ ಎಲ್ಲವನ್ನೂ ವಿವರ���ಸಿಬಿಡುವ ಆಸೆಯನ್ನು ಇತಿಹಾಸದ ವಿದ್ಯಾರ್ಥಿ ತಡೆದುಕೊಳ್ಳಬೇಕು. ೧೯೬೯ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನರೂ ಜಪಾನಿನ ಪ್ರಧಾನಿ ಸಾತೋ ಅವರೂ ವಾಷಿಂಗ್ಟನ್ನಿನಲ್ಲಿ ಭೇಟಿಯಾದರು. ಜಪಾನಿನಿಂದ ಬರುವ ಜವಳಿಯನ್ನು ಮಿತಿಗೊಳಿಸಬೇಕೆಂದು ನಿಕ್ಸನ್ನರ ಆಗ್ರಹ. ಸಾತೋ ಅವರು ‘ನನ್ನಿಂದಾದಷ್ಟು ಮಾಡುತ್ತೇನೆ’ ಎಂಬಂಥ ಮಾತನ್ನಾಡಿದರೆಂದೂ ಅದು ಜಪಾನಿಯಲ್ಲಿ ಸೌಮ್ಯವಾದ ನಿರಾಕರಣೆಯೆಂದೂ ದುಭಾಷಿ ಅದನ್ನು ವಚನವಾಗಿ ಅನುವಾದಿಸಿದನೆಂದೂ ಪ್ರಚಲಿತವಾದ ಕತೆಯೊಂದಿದೆ. ವ್ಯಾಪಾರದ ಪಾಠಪುಸ್ತಕಗಳಿಗೆ ಇದು ಬಹಳ ಪ್ರಿಯವಾದ ಕತೆ. ಆದರೆ ತರುವಾಯ ಬೆಳಕಿಗೆ ಬಂದ ಸಂಗತಿಗಳು ಬೇರೆಯೇ ಹೇಳುತ್ತವೆ. ಸಾತೋ ಅವರು ಓಕಿನಾವಾ ದ್ವೀಪಗಳ ಮರಳಿಕೆಗಾಗಿ ಗುಪ್ತವಾಗಿ ನಿಜವಾದ ಆಶ್ವಾಸನೆಯನ್ನೇ ಕೊಟ್ಟಿದ್ದರು. ಸ್ವದೇಶದ ಜವಳಿ ಉದ್ಯಮಿಗಳ ವಿರೋಧದಿಂದ ಅದನ್ನು ನಡೆಸಿಕೊಡಲಾಗಲಿಲ್ಲ. ಜವಳಿ ಒಪ್ಪಂದ ಆದದ್ದು ೧೯೭೧ರಲ್ಲಿ, ಓಕಿನಾವಾ ಮರಳಿದ್ದು ೧೯೭೨ರಲ್ಲಿ. ಇಲ್ಲಿ ಭಾಷೆಯ ಮೇಲೆ ಹೊರಿಸಿದ ತಪ್ಪು ರಾಜಕಾರಣದ್ದು.

ಜಪಾನಿನ ಕಾರ್ಖಾನೆಗಳ ಸೌಹಾರ್ದವೂ ಅನಾದಿಯಿಂದ ಬಂದುದಲ್ಲ. ೧೯೫೦ರಲ್ಲಿ ಸ್ವತಃ ಟೊಯೊಟಾ ಸಂಸ್ಥೆಯಲ್ಲಿಯೇ ದೀರ್ಘ ಮುಷ್ಕರ ನಡೆದು, ಸುಮಾರು ಎರಡು ಸಾವಿರ ಮಂದಿ ಕೆಲಸ ಬಿಟ್ಟು, ಸಂಸ್ಥಾಪಕ ಕಿಇಚಿರೋ ಟೊಯೊಡಾ ಅಧಿಕಾರ ತ್ಯಜಿಸಬೇಕಾಯಿತು. ೧೯೫೩ರಲ್ಲಿ ನಿಸ್ಸಾನ್ ಕಾರ್ಖಾನೆಯಲ್ಲಿ, ೧೯೬೦ರಲ್ಲಿ ಮಿಇಕೆ ಕಲ್ಲಿದ್ದಲ ಗಣಿಯಲ್ಲಿ ನಡೆದ ಹೋರಾಟಗಳು ಇದಕ್ಕಿಂತ ಕಠಿಣವಾದುವು. ಸಮಾಲೋಚನೆಯ ಪದ್ಧತಿ ಆ ಗಾಯಗಳ ಮೇಲೆ ಬೆಳೆದ ಚರ್ಮ. ಬಿಡದಿಗೆ ಬಂದದ್ದು ಆ ಪದ್ಧತಿ ಮಾತ್ರ. ಅದರ ಹಿಂದಿನ ಐವತ್ತು ವರ್ಷಗಳ ನೆನಪು ಅದರ ಜೊತೆಗೆ ಹಡಗನ್ನೇರಿ ಬರಲಿಲ್ಲ.

ನಮ್ಮ ವಿದ್ಯಾರ್ಥಿಯು ಮೊನ್ನೆ ದೂರವಾಣಿಯಲ್ಲಿ ಮಾತನಾಡಿದನು. ಈಗ ಅಮೆರಿಕದ ಗಿರಾಕಿಗೆ ‘ಆಗದು’ ಎಂದು ಹೇಳಲು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾನಂತೆ. ಜಪಾನಿನವರೊಡನೆ ಸಭೆಗೆ ಎರಡು ದಿನ ಮೊದಲೇ, ಅವರ ಕಡೆಯ ಕಿರಿಯ ನೌಕರನೊಬ್ಬನಿಗೆ ಬರೆದು, ಮೇಲಿನವರ ಮನಸ್ಸು ಯಾವ ಕಡೆಗಿದೆಯೆಂದು ವಿಚಾರಿಸುತ್ತಾನಂತೆ. ನಿವೃತ್ತ ಅದಿರು ಅಧಿಕಾರಿಗಳ ನೆನಪುಗಳನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ನಾವೂ ಈ ವರ್ಷ ಆರಂಭಿಸಿದ್ದೇವೆ. ಮೊದಲ ಭೇಟಿಗೆ ಸಮಯ ಕೇಳಿದಾಗ ಅವರಲ್ಲೊಬ್ಬ ಹಿರಿಯರು, “ನೋಡುವ, ಮಳೆ ಬಿಡಲಿ,” ಎಂದರು. ನಾವು ಮಳೆ ಬಿಟ್ಟ ಮೇಲೆ ಮತ್ತೆ ಕೇಳಲಿದ್ದೇವೆ.